ತೀರ್ಪುಗಾರರ ಮೇಜಿನ ಮೇಲೆ ಮೂರು ಹಕ್ಕಿಗಳು

ದೆಹಲಿಯ ಚಳಿ ಇಳಿಮುಖವಾಗುತ್ತಿದ್ದ ಒಂದು ಭಾನುವಾರ, ರಾಜಧಾನಿ ಪ್ರದೇಶದ ಕನ್ನಡ ಸಂಘವೊಂದು ತನ್ನ ಸದಸ್ಯರಿಗಾಗಿ ಏರ್ಪಡಿಸಿದ್ದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಉಳಿದ ಇಬ್ಬರಲ್ಲಿ ಒಬ್ಬರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ. ಇನ್ನೊಬ್ಬರು ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆದು ಕೈ ಕಪ್ಪಾಗಿಸಿಕೊಂಡ ಕಾಲದ ಹಿರಿಯ ಛಾಯಾಗ್ರಾಹಕರು. ಅರವತ್ತಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿನ ಮೇಲೆ ಮೂರೇ ಉಳಿದಿದ್ದವು. ಆ ಮೂರರ ವಿಷಯದಲ್ಲಿ ನಮ್ಮ ಮೂವರ ಅಭಿಪ್ರಾಯವೂ ಬೇರೆಯಾಗಿತ್ತು.

ಮೊದಲನೆಯದು ಯಮುನಾ ಘಾಟಿನ ಮುಂಜಾವು: ಮಂಜಿನ ಹಿನ್ನೆಲೆಯಲ್ಲಿ ರೆಕ್ಕೆ ಹರಡಿದ ನೂರಾರು ಕಡಲಕಾಗೆಗಳು, ನಡುವೆ ಒಂದು ದೋಣಿ. ಎರಡನೆಯದು ನೇರಳೆ ಸೂರಕ್ಕಿಯ ಗೂಡು: ತಾಯಿ ಕೊಕ್ಕಿನಲ್ಲಿ ಹುಳು ಹಿಡಿದು ಬಂದಿದೆ, ಎರಡು ಮರಿಗಳು ಬಾಯಿ ತೆರೆದಿವೆ, ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಮೂರನೆಯದು ಬಣ್ಣದ ಕೊಕ್ಕರೆಗಳ ಸಂಸಾರ: ಜಾಲಿ ಮರದ ತುದಿಯ ಗೂಡಿನ ಮೇಲೆ ದೊಡ್ಡ ಹಕ್ಕಿ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡುತ್ತಿದೆ. ಇದರ ಕೆಳಗೆ ಸ್ಪರ್ಧಿ ಪ್ರಾಮಾಣಿಕವಾಗಿ ‘ದೆಹಲಿ ಮೃಗಾಲಯ’ ಎಂದು ಬರೆದಿದ್ದರು.

ಹಿರಿಯರು ಸೂರಕ್ಕಿಗೆ ಮೊದಲ ಬಹುಮಾನ ಎಂದರು. ಮೃಗಾಲಯದ ಚಿತ್ರವನ್ನು ನಿಯಮದಂತೆ ಹೊರಗಿಡಬೇಕೆಂಬುದು ನನ್ನ ವಾದ. ಮೇಡಂ ಮಾತ್ರ ಭೂತಕನ್ನಡಿ ಹಿಡಿದು ಗೂಡಿನ ಚಿತ್ರವನ್ನೇ ನೋಡುತ್ತ ಕುಳಿತಿದ್ದರು. “ಈ ಹಕ್ಕಿಯ ಗೂಡು ಹೀಗೆ ಬಿಸಿಲಿಗೆ ತೆರೆದಿರುವುದು ಅಪರೂಪ. ಇಲ್ಲಿ ನೋಡಿ, ರೆಂಬೆಯ ತುದಿ ಬೆಳ್ಳಗಿದೆ. ಕತ್ತರಿಸಿ ಹೆಚ್ಚು ಹೊತ್ತಾಗಿಲ್ಲ,” ಎಂದರು. ಕಡಲಕಾಗೆಗಳ ಚಿತ್ರದಲ್ಲಿ ನೀರಿನ ಮೇಲೆ ತೇಲುತ್ತಿದ್ದ ಹಳದಿ ಚುಕ್ಕೆಗಳನ್ನೂ ಅವರೇ ತೋರಿಸಿದರು. ಅದು ದೋಣಿಯವನು ಎರಚಿದ ಖಾರದ ಸೇವು.

ಅಂದು ಮನೆಗೆ ಬಂದ ಮೇಲೂ ಆ ರೆಂಬೆಯ ಬಿಳಿ ತುದಿ ಕಣ್ಣಿಂದ ಮರೆಯಾಗಲಿಲ್ಲ. ಒಳ್ಳೆಯ ವನ್ಯಜೀವಿ ಚಿತ್ರ ಯಾವುದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ಆ ಉತ್ತರಗಳ ಇತಿಹಾಸವನ್ನು ಸ್ವಲ್ಪವಾದರೂ ತಿಳಿಯದೆ ತೀರ್ಪು ಕೊಡಲು ಕೂತದ್ದು ನನ್ನ ತಪ್ಪೆನಿಸಿತು. ಈ ಬರಹ ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನ.

ವನ್ಯಜೀವಿ ಛಾಯಾಗ್ರಹಣ ಹುಟ್ಟಿದ್ದು ಬೇಟೆಯ ಮಗ್ಗುಲಲ್ಲಿ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಯ ಗೂಡೊಂದರ ಚಿತ್ರ ತೆಗೆದರು. ಆ ಬಗೆಯ ಚಿತ್ರಗಳ ಪರಂಪರೆಗೆ ಅದನ್ನೇ ಆರಂಭವೆಂದು ಹೇಳುವುದುಂಟು. ಹಕ್ಕಿಗಳು ಬೆದರದಿರಲೆಂದು ಅವರು ಒಳಗೆ ಟೊಳ್ಳಾದ ಎತ್ತಿನ ಬೊಂಬೆ ಮಾಡಿಸಿ ಅದರ ಹೊಟ್ಟೆಯಲ್ಲಿ ಅಡಗಿ ಕೂರುತ್ತಿದ್ದರು. ಅಮೆರಿಕದ ಜಾರ್ಜ್ ಶೈರಸ್ ರಾತ್ರಿಯ ಕಾಡಿನಲ್ಲಿ ಸಿಡಿಪುಡಿಯ ಬೆಳಕಿನಿಂದ ಜಿಂಕೆಗಳ ಚಿತ್ರ ತೆಗೆದವರು. ಅವರ 74 ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. ಭಾರತದಲ್ಲಿ ಈ ವಿದ್ಯೆಯನ್ನು ಹುಲಿಯವರೆಗೆ ಕೊಂಡೊಯ್ದವರು ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಪ್ರಾಣಿಯ ಕಾಲಿಗೆ ತಗುಲಿದೊಡನೆ ಕ್ಯಾಮೆರಾ ತೆರೆದುಕೊಂಡು ಬೆಳಕು ಸಿಡಿಯುವಂತೆ ಅವರು ಕಾಡಿನ ಹಾದಿಗೆ ತಂತಿ ಕಟ್ಟಿದರು. ಅವರ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ 1927ರಲ್ಲಿ ಹೊರಬಂತು.

ಆ ತಲೆಮಾರಿನ ಚಿತ್ರಗಳಿಗೆ ಬೆಲೆ ಕಟ್ಟಿದವರು ಬಹುಮಟ್ಟಿಗೆ ಶಿಕಾರಿಯ ಅಳತೆಗೋಲನ್ನೇ ಬಳಸಿದರು. ಎಷ್ಟು ಹತ್ತಿರ ಹೋದೆ? ಎಷ್ಟು ಅಪಾಯಕ್ಕೆ ಒಡ್ಡಿಕೊಂಡೆ? ಎಷ್ಟು ದೊಡ್ಡ ಪ್ರಾಣಿ? ಗೋಡೆಯ ಮೇಲೆ ತಲೆಬುರುಡೆ ತೂಗುತ್ತಿದ್ದ ಜಾಗಕ್ಕೆ ಚಿತ್ರ ಬಂತು. ಪ್ರಾಣಿ ಉಳಿಯಿತೆಂಬುದು ಸಣ್ಣ ಲಾಭವಲ್ಲ. ಚಾಂಪಿಯನ್ ಅವರ ವಿಷಯದಲ್ಲಿ ಇನ್ನೊಂದು ಲಾಭವೂ ಇತ್ತು: ಪ್ರತಿ ಹುಲಿಯ ಪಟ್ಟೆಯೂ ಬೇರೆ, ಪಟ್ಟೆಯಿಂದಲೇ ಹುಲಿಯನ್ನು ಗುರುತಿಸಬಹುದು ಎಂದು ಅವರು ಕಂಡುಕೊಂಡರು. 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಹುಲಿಗಳ ಲೆಕ್ಕ ಹಾಕಿದ್ದು ಇದೇ ಅರಿವಿನ ಆಧಾರದ ಮೇಲೆ. ಆ ಟ್ರ್ಯಾಪ್ ತೆಗೆದ ಚಿತ್ರದಲ್ಲಿ ಹುಲಿಯ ಅರ್ಧ ಮುಖ ಕತ್ತರಿಸಿ ಹೋಗಿರಬಹುದು, ಬೆಳಕು ಒರಟಾಗಿರಬಹುದು. ಯಾವ ಸ್ಪರ್ಧೆಯಲ್ಲೂ ಅದಕ್ಕೆ ಅಂಕ ಬೀಳದು. ಆದರೂ ಅದು ಹೇಳುವ ಸತ್ಯ ದೊಡ್ಡದು.

ಅಂಕ ಎಂಬ ಮಾತು ಈ ಕಥೆಯೊಳಗೆ ಬಂದದ್ದು ಸಲೂನ್‌ಗಳ ಮೂಲಕ. ಚಿತ್ರಕಲಾ ಪ್ರದರ್ಶನಗಳ ಮಾದರಿಯಲ್ಲಿ ಛಾಯಾಚಿತ್ರ ಸಂಘಗಳು ನಡೆಸುವ ಸ್ಪರ್ಧೆಗೆ ಆ ಹೆಸರು. ಸ್ವತಂತ್ರ ಭಾರತದಲ್ಲಿ ಈ ಚಟುವಟಿಕೆ ಬೇರುಬಿಟ್ಟದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1953ರಲ್ಲಿ ಸ್ಥಾಪನೆಯಾದ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿ ಬೆಳೆಸಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು. 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ದುಡಿಯುತ್ತಿದ್ದ ಹವ್ಯಾಸಿಗಳಿಗೆ ಇಂಥ ಸಂಘಗಳೇ ಪಾಠಶಾಲೆಯಾದವು. ಒಬ್ಬರು ತಂದ ಪ್ರಿಂಟನ್ನು ಹತ್ತು ಜನ ನೋಡಿ ತಪ್ಪು ಹೇಳುವುದು, ಹೇಳಿಸಿಕೊಂಡವರು ಮುಂದಿನ ಬಾರಿ ತಿದ್ದಿ ತರುವುದು: ಕಲಿಕೆಯ ಕ್ರಮ ಅಷ್ಟೇ ಸರಳವಾಗಿತ್ತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಹೆಸರುಗಳು ಬೆಳಗಿದ್ದು ಈ ವಾತಾವರಣದಲ್ಲಿ. ಹಿರಿಯ ಪಕ್ಷಿ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರಿಂದ ಪ್ರೇರಣೆ ಪಡೆದ ಟಿ.ಎನ್.ಎ. ಪೆರುಮಾಳ್ (1932–2017), ಅವರ ಸಮಕಾಲೀನರಾದ ಇ. ಹನುಮಂತ ರಾವ್, ಸಂಡೂರಿನ ರಾಜಮನೆತನದವರಾಗಿ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ (1931–2011) ಇವರೆಲ್ಲರ ಚಿತ್ರಗಳು ದೇಶದ ಗಡಿ ದಾಟಿ ಮನ್ನಣೆ ಪಡೆದವು. ಪೆರುಮಾಳ್ ತಾವು ಕಲಿತದ್ದನ್ನು ಕಿರಿಯರಿಗೆ ಧಾರಾಳವಾಗಿ ಹಂಚಿದ ಗುರುವಾಗಿಯೂ ನೆನಪಿನಲ್ಲಿದ್ದಾರೆ. ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಪ್ರಕಟವಾಯಿತು. ಅದರ ಉಪಶೀರ್ಷಿಕೆ ಆ ಪುಸ್ತಕವನ್ನು ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿ ಎಂದು ಕರೆಯುತ್ತದೆ. ಆ ಪದ ನನಗೆ ಮುಖ್ಯವೆನಿಸುತ್ತದೆ. ದಿನಚರಿಯಲ್ಲಿ ಚಿತ್ರದ ಜೊತೆಗೆ ದಿನವೂ ಇರುತ್ತದೆ, ಜಾಗವೂ ಇರುತ್ತದೆ, ಕಾದ ಹೊತ್ತೂ ಇರುತ್ತದೆ.

ಈ ತಲೆಮಾರಿನವರ ಪಕ್ಷಿಚಿತ್ರಗಳಲ್ಲಿ ಗೂಡಿನ ಚಿತ್ರಗಳು ಹೇರಳ. ಇಂದಿನ ಕಣ್ಣಿನಿಂದ ನೋಡಿ ಅವರನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಅಂದಿನ ಬಣ್ಣದ ಫಿಲ್ಮಿಗೆ ಬೆಳಕು ಸಾಲುತ್ತಿರಲಿಲ್ಲ. ಹಾರುವ ಹಕ್ಕಿಯನ್ನು ತಾನೇ ಹಿಂಬಾಲಿಸಿ ಸ್ಪಷ್ಟಗೊಳಿಸುವ ಲೆನ್ಸೂ ಇರಲಿಲ್ಲ. ಒಂದು ರೋಲಿಗೆ 36 ಚಿತ್ರ. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗ ಒಂದೇ, ಅದರ ಗೂಡು. ಅದರೆದುರು ದಿನಕ್ಕಿಷ್ಟು ದೂರದಂತೆ ಮರೆಯನ್ನು ಹತ್ತಿರ ಸರಿಸುತ್ತ, ಹಕ್ಕಿಗೆ ಅದು ಒಗ್ಗಿದ ಮೇಲೆ ಒಳಗೆ ಕುಳಿತು, ಮೊದಲೇ ಗುರಿಯಿಟ್ಟ ಫ್ಲಾಷ್ ಬೆಳಕಿನಲ್ಲಿ ಚಿತ್ರ ತೆಗೆಯುವುದು ಅಂದಿನ ಕ್ರಮ. ಬಲ್ಲವರು ತಾಳ್ಮೆಯಿಂದ ಮಾಡಿದರು. ಆದರೆ ಸಲೂನಿನ ಗೋಡೆಯ ಮೇಲೆ ತಾಳ್ಮೆ ಕಾಣಿಸುವುದಿಲ್ಲ, ಗೂಡು ಕಾಣಿಸುತ್ತದೆ. ಬಹುಮಾನ ಬಂದ ಗೂಡನ್ನು ನೋಡಿದ ಹೊಸಬ, ಮರೆ ಕಟ್ಟುವ ಹತ್ತು ದಿನಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಕಲಿತ.

ಕಾನೂನು ಈ ವಿಷಯದಲ್ಲಿ ಸ್ಪರ್ಧೆಗಳಿಗಿಂತ ಮುಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿಯನ್ನು ಬಿಟ್ಟು ಕ್ಯಾಮೆರಾ ಹಿಡಿದೆನೆಂದು ಹೆಮ್ಮೆಪಡುವವನು, ಚಿತ್ರಕ್ಕೆ ಅಡ್ಡಬಂದ ರೆಂಬೆಯನ್ನು ಕತ್ತರಿಸಿದ ಕ್ಷಣ ಮತ್ತೆ ಬೇಟೆಗಾರನ ಸಾಲಿಗೆ ಹೋಗಿ ನಿಲ್ಲಬೇಕಾದೀತು. ಇಷ್ಟಾದರೂ ಗೂಡಿನ ಚಿತ್ರಗಳಿಗೆ ಬಹುಮಾನ ಸಲ್ಲುವುದು ಬಹುಕಾಲ ನಿಲ್ಲಲಿಲ್ಲ. ಇಂದು ಭಾರತದ ಹಲವು ಸ್ಪರ್ಧೆಗಳು ಅಂಥ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ನಿಯಮದಲ್ಲೇ ಹೇಳುತ್ತವೆ.

ಸೌಂದರ್ಯದ ಅಳತೆಗೋಲಿನ ಪಕ್ಕದಲ್ಲಿ ಸತ್ಯದ ಅಳತೆಗೋಲು ಬಂದು ಕುಳಿತದ್ದು ಹೀಗೆ ನಿಧಾನವಾಗಿ, ಕೆಲವು ಸಲ ಅವಮಾನದ ಮೂಲಕ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಪ್ರಸಿದ್ಧ ಸ್ಪರ್ಧೆಯಲ್ಲಿ 2009ರ ಅಗ್ರ ಬಹುಮಾನ ಬೇಲಿ ಹಾರುತ್ತಿರುವ ತೋಳದ ಚಿತ್ರಕ್ಕೆ ಸಂದಿತ್ತು. ಅದು ಪಳಗಿಸಿದ ತೋಳವಿರಬೇಕೆಂದು ತೀರ್ಮಾನಿಸಿ 2010ರ ಜನವರಿಯಲ್ಲಿ ಬಹುಮಾನವನ್ನು ಹಿಂಪಡೆದರು. 2018ರಲ್ಲಿ ಅದೇ ಸ್ಪರ್ಧೆಯ ಮತ್ತೊಂದು ಬಹುಮಾನಿತ ಚಿತ್ರದಲ್ಲಿದ್ದ ಇರುವೆಭಕ್ಷಕ, ಬ್ರೆಜಿಲ್ಲಿನ ಒಂದು ಉದ್ಯಾನದಲ್ಲಿ ಪ್ರದರ್ಶನಕ್ಕಿಟ್ಟ ಒಣಹುಲ್ಲು ತುಂಬಿದ ಬೊಂಬೆಯೇ ಎಂದು ತಜ್ಞರು ನಿರ್ಣಯಿಸಿದರು. ಎರಡೂ ಸಂದರ್ಭದಲ್ಲಿ ಛಾಯಾಗ್ರಾಹಕರು ಆರೋಪವನ್ನು ನಿರಾಕರಿಸಿದರು. ಕಿಯರ್ಟನ್ನರ ಕಾಲದಲ್ಲಿ ಮನುಷ್ಯ ಬೊಂಬೆಯೊಳಗೆ ಅಡಗಿ ನಿಜವಾದ ಹಕ್ಕಿಗಾಗಿ ಕಾಯುತ್ತಿದ್ದ. ನೂರು ವರ್ಷ ಕಳೆಯುವಷ್ಟರಲ್ಲಿ ಬೊಂಬೆಯೇ ಪ್ರಾಣಿಯ ಜಾಗಕ್ಕೆ ಬಂತೆಂಬ ಸಂಶಯಕ್ಕೆ ಕಾರಣವಾಯಿತು.

ಈ ನಡುವೆ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಒಟ್ಟಾಗಿ ನಿಸರ್ಗ ಛಾಯಾಗ್ರಹಣಕ್ಕೆ ಒಂದು ಸಮಾನ ವ್ಯಾಖ್ಯೆ ರೂಪಿಸಿದವು. ಅದು 2015ರಿಂದ ಜಾರಿಯಲ್ಲಿದೆ. ಅದರ ಸಾರ ಹೀಗೆ: ಚಿತ್ರದ ಅಂಚನ್ನು ಕತ್ತರಿಸಬಹುದೇ ಹೊರತು ಒಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ, ಚೆಲುವಿಗಿಂತ ಚಿತ್ರ ಹೇಳುವ ನಿಸರ್ಗದ ಕಥೆಗೆ ಹೆಚ್ಚು ತೂಕ, ‘ವನ್ಯಜೀವಿ’ ಎನ್ನಬೇಕಾದರೆ ಪ್ರಾಣಿ ತನ್ನ ನೆಲೆಯಲ್ಲಿ ಸ್ವತಂತ್ರವಾಗಿರಬೇಕು, ಮೃಗಾಲಯದಲ್ಲಿ ಕೂಡಿಹಾಕಿದ್ದಾಗಿರಬಾರದು. ಕೊಕ್ಕರೆಯ ಚಿತ್ರವನ್ನು ಹೊರಗಿಡಬೇಕೆಂದು ನಾನು ವಾದಿಸಿದ್ದು ಈ ಕೊನೆಯ ಮಾತನ್ನು ನೆನೆದು.

ಆದರೆ ನಾನು ದೆಹಲಿಯ ಇತಿಹಾಸ ಮರೆತಿದ್ದೆ. ಹಳೆಯ ಕೋಟೆಯ ಪಕ್ಕದ ಮೃಗಾಲಯ 1959ರಲ್ಲಿ ತೆರೆಯಿತು. 1960ರ ಸುಮಾರಿಗೆ ಅದರ ಕೊಳಗಳ ನಡುಗಡ್ಡೆಯ ಮರಗಳಿಗೆ ಹೊರಗಿನಿಂದ ಬಣ್ಣದ ಕೊಕ್ಕರೆಗಳು ತಾವಾಗಿ ಬಂದು ಗೂಡು ಕಟ್ಟತೊಡಗಿದವು. ಅವು ಯಾರೂ ಹಿಡಿದು ತಂದವಲ್ಲ. ಮಳೆಗಾಲ ಕಳೆಯುತ್ತಿದ್ದಂತೆ ಬರುತ್ತವೆ, ಮರಿಗಳಿಗೆ ಮೀನು ತರಲು ಯಮುನೆಯ ಬಯಲಿಗೆ ಹಾರುತ್ತವೆ, ಮರಿಗಳು ಬಲಿತ ಮೇಲೆ ಹೊರಟುಹೋಗುತ್ತವೆ. ಅವು ಆಯ್ದುಕೊಂಡಿರುವ ಮರವೋ ನಾವು ಬಳ್ಳಾರಿ ಜಾಲಿ ಎಂದು ಬೈಯುವ ಮುಳ್ಳುಗಿಡ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲಿ ಇದೇ ಹಕ್ಕಿ ಸಂಸಾರ ಹೂಡುವುದನ್ನು ಕಂಡವರಿಗೆ, ದೆಹಲಿಯ ಈ ನೋಟ ತವರಿನ ನೆಂಟರನ್ನು ಪರಊರಿನಲ್ಲಿ ಕಂಡಂತೆ. ‘ಮೃಗಾಲಯ’ ಎಂಬ ಪದ ನೋಡಿ ಚಿತ್ರವನ್ನು ತಳ್ಳಿದ್ದರೆ ನಿಯಮ ಪಾಲನೆಯಾಗುತ್ತಿತ್ತು, ಹಕ್ಕಿಗೆ ಅನ್ಯಾಯವಾಗುತ್ತಿತ್ತು. ಗೂಡಿನ ಚಿತ್ರವೇ ಆದರೂ ಅದನ್ನು ತೆಗೆದದ್ದು ದಿನವೂ ಸಾವಿರಾರು ಜನ ಓಡಾಡುವ ದಾರಿಯಿಂದ, ನೀರಿನ ಈಚೆಯಿಂದ. ಅಲ್ಲಿ ಒಂದೆಲೆಯೂ ಅಲುಗಿರಲಿಲ್ಲ.

ದೆಹಲಿಗೆ ಇನ್ನೊಂದು ಪರಂಪರೆಯೂ ಇದೆ. ಅದು ಬಹುಮಾನಗಳ ಆಚೆಗಿನದು. 1950ರಲ್ಲಿ ಇಲ್ಲಿ ಪಕ್ಷಿವೀಕ್ಷಕರ ಸಂಘವೊಂದು ಹುಟ್ಟಿತು. ಅದರ ಆರಂಭದ ದಿನಗಳ ಸದಸ್ಯರಲ್ಲಿ ಇಂದಿರಾ ಗಾಂಧಿಯವರೂ ಇದ್ದರು. ರಾಯಿಟರ್ಸ್ ವರದಿಗಾರರಾಗಿ ದೆಹಲಿಯಲ್ಲಿದ್ದ ಪೀಟರ್ ಜಾಕ್ಸನ್ ಸುಲ್ತಾನ್‌ಪುರದ ಜೌಗಿನ ಹಕ್ಕಿಗಳನ್ನು ನೋಡಿ, ಅದನ್ನು ಕಾಪಾಡಬೇಕೆಂದು ಪ್ರಧಾನಿಗೆ ಪತ್ರ ಬರೆದರು. 1970ರ ದಶಕದ ಆರಂಭದಲ್ಲಿ ಆ ಜೌಗಿಗೆ ರಕ್ಷಣೆ ಸಿಕ್ಕಿತು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಉಷಾ ಗಂಗೂಲಿಯವರು ದೆಹಲಿ ಪ್ರದೇಶದ ಹಕ್ಕಿಗಳ ಕೈಪಿಡಿಯನ್ನು 1975ರಲ್ಲಿ ಕೊಟ್ಟರು. ಇವರೆಲ್ಲರ ಕೈಯಲ್ಲಿ ಮೊದಲು ಇದ್ದದ್ದು ದುರ್ಬೀನು ಮತ್ತು ಟಿಪ್ಪಣಿ ಪುಸ್ತಕ. ಯಾವ ಹಕ್ಕಿ, ಎಲ್ಲಿ, ಯಾವ ದಿನ, ಏನು ಮಾಡುತ್ತಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಅವರು ಉತ್ತರ ಬರೆದಿಡುತ್ತಿದ್ದರು. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದಲ್ಲಿ ಮಾಡಿದ್ದೂ ಇದನ್ನೇ: ಕ್ಯಾಮೆರಾ ಅವರಿಗೆ ನೋಡುವ ಸಾಧನ, ಬರವಣಿಗೆ ನೋಡಿದ್ದನ್ನು ಹಂಚುವ ಸಾಧನ.

ಈಗ ಕಾಲ ಬದಲಾಗಿದೆ. ಗುರುಗ್ರಾಮ, ನೋಯ್ಡಾಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ಎಷ್ಟೋ ಹುಡುಗ ಹುಡುಗಿಯರ ಬಳಿ, ಪೆರುಮಾಳ್ ತಲೆಮಾರು ಕನಸಿನಲ್ಲೂ ಕಾಣದಿದ್ದ ಕ್ಯಾಮೆರಾಗಳಿವೆ. ಅವು ಹಾರುವ ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತವೆ. ಗೂಡಿಗೆ ಹೋಗಲೇಬೇಕೆಂಬ ಹಳೆಯ ತಾಂತ್ರಿಕ ಕಾರಣ ಮಾಯವಾಗಿದೆ, ಅಭ್ಯಾಸ ಮಾತ್ರ ಉಳಿದಿದೆ. ಧನೌರಿಯ ಜೌಗಿನಲ್ಲಿ ಸಾರಸ ಜೋಡಿಯೊಂದು ಕಂಡರೆ ಭಾನುವಾರ ಬೆಳಿಗ್ಗೆ ಕಾರುಗಳು ಸಾಲುಗಟ್ಟುತ್ತವೆ. ಯಮುನಾ ಘಾಟಿನಲ್ಲಿ ಚಳಿಗಾಲವಿಡೀ ದೋಣಿಯವರು ಸೇವು ಎರಚುತ್ತಾರೆ. ದೂರದ ಉತ್ತರದಿಂದ ಬಂದ ಕಡಲಕಾಗೆಗಳು ಕರಿದ ತಿಂಡಿಗೆ ಮುತ್ತುತ್ತವೆ. ಒಬ್ಬರಿಗೆ ಬಹುಮಾನ ಬಂದ ಕೋನ ಮುಂದಿನ ವಾರ ಐವತ್ತು ಜನರ ಕೋನವಾಗುತ್ತದೆ. ತೀರ್ಪುಗಾರ ಮುಚ್ಚಿದ ಕೋಣೆಯಲ್ಲಿ ಕೊಟ್ಟ ಅಂಕ ಹೀಗೆ ಜೌಗಿನಲ್ಲಿ, ಪೊದೆಯಲ್ಲಿ, ನದಿಯ ಮೇಲೆ ಫಲ ಕೊಡುತ್ತದೆ.

ಹಾಗಾದರೆ ಹವ್ಯಾಸಿಯನ್ನು ತಿದ್ದುವುದು ಹೇಗೆ? ಇತಿಹಾಸದಲ್ಲೇ ಒಂದು ಸುಳಿವಿದೆ. ಸಲೂನಿನಲ್ಲಿ ಪ್ರತಿ ಚಿತ್ರವೂ ಕೆಲವು ಕ್ಷಣ ಪರದೆಯ ಮೇಲೆ ಮೂಡುತ್ತದೆ, ತೀರ್ಪುಗಾರ ಗುಂಡಿ ಒತ್ತುತ್ತಾನೆ. ಬೆರಗುಗೊಳಿಸುವ ಒಂಟಿ ಚಿತ್ರ ಅಲ್ಲಿ ಗೆಲ್ಲುತ್ತದೆ. 1853ರಲ್ಲಿ ಹುಟ್ಟಿದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ತನ್ನ ಪದವಿಗಳಿಗೆ ಬೇರೆ ದಾರಿ ಹಿಡಿದಿದೆ: ಲೈಸೆನ್ಷಿಯೇಟ್ ಪದವಿಗೆ 10 ಚಿತ್ರ, ಅಸೋಸಿಯೇಟ್ ಪದವಿಗೆ 15 ಚಿತ್ರಗಳ ಗುಚ್ಛ. ಅದೃಷ್ಟದಿಂದ ಒಂದು ಚಿತ್ರ ಸಿಗಬಹುದು. ಹದಿನೈದು ಸಿಗಬೇಕಾದರೆ ಪ್ರಾಣಿಯನ್ನು ತಿಳಿದಿರಬೇಕು. ಮನೆಯ ಹತ್ತಿರದ ಒಂದು ಕೆರೆ, ಒಂದು ಉದ್ಯಾನ, ಒಂದು ಹಕ್ಕಿಯನ್ನು ಆಯ್ದು ವರ್ಷವಿಡೀ ಹತ್ತು ಚಿತ್ರ ತಾ ಎಂದು ಹೊಸಬರಿಗೆ ಹೇಳಿದರೆ ಅರ್ಧ ಪಾಠ ಮುಗಿದಂತೆ. ಉಳಿದರ್ಧ ಕತ್ತಲೆ ಕೋಣೆಯ ಕಾಲದಿಂದ ಬಂದ ಮಾತುಗಳೇ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಗ್ಗು. ಹಕ್ಕಿಯನ್ನು ನೋಡುವ ಮೊದಲು ಅದರ ಹಿಂದೇನಿದೆ ನೋಡು. ಚೌಕಟ್ಟನ್ನು ಗರಿಗಳಿಂದಲೇ ತುಂಬಬೇಡ, ಅದು ಬದುಕುವ ಜಾಗಕ್ಕೂ ಎಡೆ ಕೊಡು. ಹಕ್ಕಿ ಕತ್ತು ನಿಮಿರಿಸಿ ನಿನ್ನನ್ನೇ ನೋಡತೊಡಗಿದರೆ ನೀನು ಆಗಲೇ ಹತ್ತಿರವಾದೆ, ಹಿಂದೆ ಸರಿ.

ಆ ಭಾನುವಾರದ ತೀರ್ಪು ಹೀಗಾಯಿತು. ಮೊದಲ ಬಹುಮಾನ ಕೊಕ್ಕರೆಗೆ. ಕಡಲಕಾಗೆಗಳ ಚಿತ್ರವನ್ನು ವನ್ಯಜೀವಿ ವಿಭಾಗದಿಂದ ತೆಗೆದು ನಗರ ಜೀವನದ ವಿಭಾಗಕ್ಕೆ ಸೇರಿಸಿದೆವು. ಆ ಚಿತ್ರ ಹೇಳುತ್ತಿದ್ದ ಕಥೆ ಮನುಷ್ಯ, ನದಿ, ಹಕ್ಕಿ ಮೂವರದೂ ಆಗಿತ್ತು. ಸೇವನ್ನು ಮರೆಮಾಚದೆ ಅಡಿಬರಹದಲ್ಲಿ ಹೇಳಬೇಕೆಂದು ಸೂಚಿಸಿದೆವು. ಸೂರಕ್ಕಿಯ ಚಿತ್ರಕ್ಕೆ ಏನನ್ನೂ ಕೊಡಲಿಲ್ಲ. ಮೊದಲು ಅದರ ಪರವಾಗಿದ್ದ ಹಿರಿಯರೇ ಕೊನೆಗೆ, “ಕೈ ಪಳಗಿದೆ. ಇಂಥ ಕೈಗೇ ಬೇಗ ಹೇಳಬೇಕು,” ಎಂದರು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಚಿತ್ರ ತೆಗೆದ ಯುವಕ ಸುಮ್ಮನೆ ಕೇಳಿಸಿಕೊಂಡ. ರೆಂಬೆ ಕತ್ತರಿಸಿದ್ದು ನಿಜವೆಂದು ಒಪ್ಪಿಕೊಂಡ. ಮರಿಗಳು ಏನಾದವು ಎಂದು ಕೇಳಿದೆ. “ಮತ್ತೆ ಹೋಗಿ ನೋಡಲಿಲ್ಲ ಸರ್,” ಎಂದ. ಆಮೇಲೆ ತುಸು ತಡೆದು, “ಬಹುಮಾನ ಬಂದ ಚಿತ್ರಗಳೆಲ್ಲ ಹೀಗೇ ಇರ್ತಾವಲ್ಲ ಸರ್. ಹೀಗೆ ತೆಗೀಬಾರದು ಅಂತ ನಮಗೆ ಯಾರು ಹೇಳಿದ್ರು?” ಎಂದು ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ. ಉತ್ತರ ನನ್ನಲ್ಲಿರಲಿಲ್ಲ, ಹಿಂದೆ ಎರಡು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳಿಗೆ ನಾನೇ ಅಂಕ ಕೊಟ್ಟದ್ದು ನೆನಪಾಯಿತು.

ಈ ವರ್ಷದ ಪ್ರವೇಶಪತ್ರದಲ್ಲಿ ಹೆಸರು, ಕ್ಯಾಮೆರಾ, ಲೆನ್ಸುಗಳ ಕೆಳಗೆ ಮೂರು ಸಾಲುಗಳನ್ನು ಹೊಸದಾಗಿ ಸೇರಿಸಿದ್ದೇವೆ: ಎಲ್ಲಿ ತೆಗೆದದ್ದು, ಹೇಗೆ ತೆಗೆದದ್ದು, ತೆಗೆದ ಮೇಲೆ ಪ್ರಾಣಿ ಏನು ಮಾಡಿತು. ಚಿತ್ರ ನೋಡುವ ಮೊದಲು ಆ ಸಾಲುಗಳನ್ನು ಗಟ್ಟಿಯಾಗಿ ಓದಬೇಕೆಂದು ಮೇಡಂ ಷರತ್ತು ಹಾಕಿದ್ದಾರೆ. ಮೊನ್ನೆ ಬಂದ ಮೊದಲ ಅರ್ಜಿ ಅದೇ ಯುವಕನದು. ಓಖ್ಲಾ ಪಕ್ಷಿಧಾಮದಲ್ಲಿ ದೂರದಿಂದ ತೆಗೆದ ಒಂದು ಮಿಂಚುಳ್ಳಿ. ಹಕ್ಕಿ ಚಿಕ್ಕದಾಗಿದೆ, ಮುಂದಿನ ಜೊಂಡು ಸ್ವಲ್ಪ ಮಸುಕಾಗಿ ಅಡ್ಡ ಬಂದಿದೆ. ಮೂರನೆಯ ಸಾಲಿನಲ್ಲಿ ಅವನು ಬರೆದಿದ್ದ: “ಅಲ್ಲೇ ಕೂತಿತ್ತು. ನಾನು ಎದ್ದು ಬಂದೆ.”